ಧರ್ಮರಾಯನ ಪಾರ್ಟು ಯಾರಿಗೂ ಬೇಡ

ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವಾಗ ಪಾರ್ಟು ಪುಕ್ಕಟೆ ಸಿಗುವುದಿಲ್ಲ. ದುಡ್ಡು ಕೊಟ್ಟು ತಗೋಬೇಕು. ನಮ್ಮ ಕಡೆ ಅಂದರೆ ತುಮಕೂರು, ಮಂಡ್ಯ, ರಾಮನಗರ, ಬೆಂಗಳೂರು ಗ್ರಾಮಾಂತರ ಅಂತ ಇಟ್ಟುಕೊಳ್ಳಿ. ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಮೈಕು, ಮೇಕಪ್ಪು, ಹೊರಗಿನಿಂದ ಕರೆಸುವ ನಟಿಯರ ಖರ್ಚು, ಎಲ್ಲವನ್ನೂ ಪಾತ್ರ ಮಾಡುವವರೇ ಹಂಚಿಕೊಳ್ಳುತ್ತಾರೆ. ಪಾತ್ರ ದೊಡ್ಡದಾದಷ್ಟೂ ಪಾಲು ದೊಡ್ಡದು. ಕೃಷ್ಣನಿಗೆ ಜಾಸ್ತಿ. ದುರ್ಯೋಧನನಿಗೂ ಜಾಸ್ತಿ. ಕರ್ಣ, ಭೀಮ, ಶಕುನಿ ಆಮೇಲಿನ ಸಾಲು. ಧರ್ಮರಾಯನ ಪಾರ್ಟಿಗೆ ಮಾತ್ರ ಯಾರನ್ನಾದರೂ ಒಪ್ಪಿಸಬೇಕು. ಸತ್ಯ ಹೇಳಿಕೊಂಡು, ಸಮಾಧಾನ ಮಾಡಿಕೊಂಡು, ಜೂಜಿನಲ್ಲಿ ಸೋತು ತಲೆ ತಗ್ಗಿಸಿ ಕೂರುವ ಪಾತ್ರಕ್ಕೆ ಕೈಯಿಂದ ದುಡ್ಡು ಹಾಕುವವರು ಯಾರು?

ಪುರಾಣ ಇವತ್ತಿನ ಜನಪ್ರಿಯ ಸಂಸ್ಕೃತಿಯಲ್ಲಿ ಹೇಗೆ ಉಳಿದಿದೆ ಅಂತ ಯಾರಾದರೂ ಮಾತು ಶುರು ಮಾಡಿದರೆ ನನಗೆ ಮೊದಲು ನೆನಪಾಗುವುದು ಈ ರೇಟು. ಭಕ್ತಿ, ಸಂಪ್ರದಾಯ, ಪರಂಪರೆ ಅಂತೆಲ್ಲ ಹೇಳುತ್ತೇವೆ. ಆದರೆ ದುಡ್ಡು ಕೊಟ್ಟು ಕೊಳ್ಳುವ ಹೊತ್ತಿಗೆ ಜನ ಕೇಳುವುದು ಸೋಲುವವನನ್ನು, ಹಟಮಾರಿಯನ್ನು, ಪುರಾಣವೇ ಕೆಟ್ಟವನು ಅಂತ ತೀರ್ಪು ಕೊಟ್ಟವನನ್ನು.

ಈ ನಾಟಕ ನೋಡದವರಿಗೆ ಸ್ವಲ್ಪ ಹೇಳಬೇಕು. ಊರ ಬಾಗಿಲಲ್ಲಿ ದೊಡ್ಡ ಫ್ಲೆಕ್ಸ್ ಏಳುತ್ತದೆ. ಮೇಲೆ 'ಕೃಪಾಪೋಷಿತ ನಾಟಕ ಮಂಡಳಿ' ಅಂತ ಗ್ರಾಮದೇವತೆಯ ಹೆಸರಲ್ಲಿ ಮಂಡಳಿ. ಕೆಳಗೆ ಸಾಲಾಗಿ ಪಾತ್ರಧಾರಿಗಳ ಫೋಟೋ. ಹಾಲಿನ ಡೇರಿ ಕಾರ್ಯದರ್ಶಿ, ಬಸ್ ಕಂಡಕ್ಟರ್, ಪಂಚಾಯ್ತಿ ಮೆಂಬರ್, ಅಡಿಕೆ ವ್ಯಾಪಾರಿ, ಎಲ್ಲರೂ ಒಂದೇ ಸಾಲಲ್ಲಿ. ರಾತ್ರಿ ಒಂಬತ್ತರ ಮೇಲೆ ಶುರುವಾದರೆ ಬೆಳಗಾಗುವವರೆಗೆ ಆಟ. ಅಷ್ಟುದ್ದ ಒಬ್ಬನ ಗಂಟಲು ತಡೆಯುವುದಿಲ್ಲ. ಹಾಗಾಗಿ ಕೃಷ್ಣ ಒಂದು, ಕೃಷ್ಣ ಎರಡು, ದುರ್ಯೋಧನ ಒಂದು, ದುರ್ಯೋಧನ ಎರಡು ಅಂತ ಪಾತ್ರ ಹಂಚುತ್ತಾರೆ. ಮೊದಲು ಹಾಡು, ಆಮೇಲೆ ಮಾತು. ಹಾಡು ಚೆನ್ನಾಗಿದ್ದರೆ ಒನ್ಸ್ ಮೋರ್. ಕೊರಳಿಗೆ ನೋಟಿನ ಹಾರ. ಬೆಂಗಳೂರಿಗೆ ಬಂದು ನೆಲೆಸಿದವರು ಇದನ್ನೇ ರವೀಂದ್ರ ಕಲಾಕ್ಷೇತ್ರ ಬಾಡಿಗೆಗೆ ಹಿಡಿದು ಆಡುತ್ತಾರೆ.

ಇದು ತೀರಾ ಹಳೆಯ ಜಾನಪದವೇನೂ ಅಲ್ಲ. ಹಾರ್ಮೋನಿಯಂ, ಪರದೆ, ಜರಿ ಪೋಷಾಕು, ಇವೆಲ್ಲ ಕಂಪನಿ ನಾಟಕಗಳ ಆಸ್ತಿ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಗುಬ್ಬಿ ವೀರಣ್ಣನವರ ಕಾಲದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಕುರುಕ್ಷೇತ್ರ ಆಡಿತ್ತು. ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಅವರ ಹಾಡು, ಮಟ್ಟು, ಮಾತು ಹಳ್ಳಿಗೆ ಬಂದು ಕೂತವು. ಆನೆ ಬರಲಿಲ್ಲ, ಅಷ್ಟೇ. ಪಠ್ಯವೂ ಗಟ್ಟಿಯಾಗಿ ನಿಂತದ್ದಲ್ಲ. ಮೇಷ್ಟ್ರು ಮನಸ್ಸು ಮಾಡಿದರೆ ಒಂದು ಹಾಡು ಸೇರುತ್ತದೆ. ದುಡ್ಡು ಹಾಕಿದವನು ಹಟ ಹಿಡಿದರೆ ಒಂದು ಸೀನೇ ಸೇರುತ್ತದೆ.

ನನ್ನ ದೊಡ್ಡಪ್ಪ ದುರ್ಯೋಧನನ ಪಾರ್ಟು ಮಾಡುತ್ತಿದ್ದರು. ಹಗಲಿನಲ್ಲಿ ಅವರ ದನಿ ಪಕ್ಕದ ಮನೆಗೂ ಕೇಳುತ್ತಿರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರ ಮುಂದೆ ಟವೆಲ್ ಕಂಕುಳಲ್ಲಿಟ್ಟುಕೊಂಡು ನಿಲ್ಲುವ ಮನುಷ್ಯ. ಭುಜಕೀರ್ತಿ ಕಟ್ಟಿ ಗದೆ ಹಿಡಿದರೆ ಬೇರೆಯೇ ಆಳು. ಕೃಷ್ಣನ ಪಾರ್ಟು ಯಾಕೆ ಬೇಡ ಅಂತ ಒಮ್ಮೆ ಕೇಳಿದ್ದೆ. "ಕೃಷ್ಣಂಗೆ ಎಲ್ಲಾ ಮೊದ್ಲೇ ಗೊತ್ತಿರ್ತದೆ ಕಣಮ್ಮ. ಗೊತ್ತಿರೋನು ಏನ್ ಆಡ್ತಾನೆ? ಗೊತ್ತಿಲ್ದೋನು ಆಡ್ಬೇಕು" ಅಂದರು. ನಟನೆಯ ಬಗ್ಗೆ ಇದಕ್ಕಿಂತ ಒಳ್ಳೆ ಮಾತನ್ನು ನಾನು ಎಲ್ಲೂ ಕೇಳಿಲ್ಲ. ದೇವರಿಗೆ ಆಯ್ಕೆಯ ಕಷ್ಟ ಇಲ್ಲ. ದುರ್ಯೋಧನನ ಮುಂದೆ ಸಂಧಿಗೆ ಒಪ್ಪುವ ದಾರಿ ಕೊನೆಯವರೆಗೂ ತೆರೆದೇ ಇರುತ್ತದೆ. ಅವನು ಪ್ರತಿ ಸಲವೂ ಬೇಡ ಅನ್ನುತ್ತಾನೆ. ನಾಟಕ ಇರುವುದೇ ಆ 'ಬೇಡ'ದಲ್ಲಿ.

ಆದರೆ ನಟನಿಗೆ ಅವಕಾಶ ಜಾಸ್ತಿ ಅನ್ನುವುದು ಅರ್ಧ ಉತ್ತರ ಮಾತ್ರ. ಕೂತು ನೋಡುವವರಿಗೆ ಅವನು ಯಾಕೆ ಬೇಕು?

ನನ್ನ ಅನುಮಾನ ಇದು. ಕುರುಕ್ಷೇತ್ರ ಅಂದರೆ ದಾಯಾದಿಗಳ ಜಮೀನು ಜಗಳ. ಅದನ್ನು ನೋಡುತ್ತಾ ಕೂತವರಲ್ಲಿ ಎಷ್ಟೋ ಜನರ ಪಾರ್ಟಿಷನ್ ಸೂಟು ಸಿವಿಲ್ ಕೋರ್ಟಿನಲ್ಲಿ ನಡೆಯುತ್ತಿರುತ್ತದೆ. ಬದುವಿಗೆ ಜಗಳ, ಹದ್ದುಬಸ್ತಿಗೆ ಅರ್ಜಿ, ಪೋಡಿಗೆ ಅಲೆದಾಟ, ಪಹಣಿಯಲ್ಲಿ ಅಣ್ಣನ ಹೆಸರು ಮಾತ್ರ ಬಂದದ್ದಕ್ಕೆ ಮಾತು ಬಿಟ್ಟ ತಮ್ಮ. ಇಂಥವರ ಮುಂದೆ ಒಬ್ಬ ಬಂದು, ಐದು ಊರು ಕೊಡು ಅಂದರೆ ಸೂಜಿಮೊನೆ ಊರುವಷ್ಟು ನೆಲವನ್ನೂ ಕೊಡೆನು ಅನ್ನುತ್ತಾನೆ. ಶಿಳ್ಳೆ ಬೀಳದೆ ಇರುತ್ತದೆಯೇ? ಅವರಿಗೆ ಅವನು ದ್ವಾಪರದ ಖಳನಲ್ಲ, ಪಕ್ಕದ ಸರ್ವೆ ನಂಬರಿನವನು. ಕೆಲವೊಮ್ಮೆ ತಾವೇ. ಅವನ ವಾದದಲ್ಲಿ ಹುರುಳಿಲ್ಲ ಅಂತಲೂ ಅಲ್ಲ. ಅಪ್ಪ ಹಿರಿಯ, ಆದರೆ ಕುರುಡ ಅನ್ನುವ ಕಾರಣಕ್ಕೆ ಪಟ್ಟ ಕಿರಿಯನಿಗೆ ಹೋಯಿತು. ಹಿರಿಯನ ಮಗ ತನ್ನ ಹಕ್ಕು ಕೇಳಿದ. ಇಂಥ ಕೇಸು ಇವತ್ತು ಯಾವ ವಕೀಲರ ಹತ್ತಿರ ಹೋದರೂ ನಡೆಸೋಣ ಬನ್ನಿ ಅನ್ನುತ್ತಾರೆ.

ಈ ಒಲವಿಗೆ ಸಾವಿರ ವರ್ಷದ ವಯಸ್ಸಿದೆ. ಹತ್ತನೇ ಶತಮಾನದ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಭಾರತ ಬರೆದ. ಬರೆಯುತ್ತಾ ಬರೆಯುತ್ತಾ, ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ನೆನೆಯುವುದಾದರೆ ಕರ್ಣನನ್ನು ನೆನೆ ಅಂದುಬಿಟ್ಟ. 'ಛಲದೊಳ್ ದುರ್ಯೋಧನಂ' ಅಂದವನೂ ಅವನೇ. ರನ್ನನದು ಇನ್ನೂ ಮಜಾ. ಅವನ ದೊರೆ ಸತ್ಯಾಶ್ರಯ ಭೀಮನಿಗೆ ಸಮ. ಕಾವ್ಯಕ್ಕೆ ಸಾಹಸಭೀಮ ವಿಜಯ ಅಂತ ಹೆಸರು, ಗದಾಯುದ್ಧ ಅಂತಲೂ ಕರೆಯುತ್ತಾರೆ. ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ಮಾತ್ರ ದುರ್ಯೋಧನ. ಸರೋವರದಲ್ಲಿ ಅಡಗಿದ್ದವನು ಭೀಮನ ಗರ್ಜನೆ ಕೇಳಿ 'ನೀರೊಳಗಿರ್ದುಂ ಬೆಮರ್ದನುರಗಪತಾಕಂ' ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಎಷ್ಟೋ ಮಂದಿ. ನೀರೊಳಗಿದ್ದೂ ಬೆವರಿದ ಅಂತ ಅರ್ಥ. ಆ ಬೆವರು ಹೆದರಿಕೆಯದಲ್ಲ, ಸಿಟ್ಟಿನದು. ಜೈನ ಪರಂಪರೆಯ ನಾಗಚಂದ್ರನಂತೂ ರಾವಣನಿಗೂ ಪಶ್ಚಾತ್ತಾಪ ಕೊಟ್ಟ. ಕಡಲೂ ಒಮ್ಮೊಮ್ಮೆ ಎಲ್ಲೆ ಮೀರುವುದಿಲ್ಲವೇ ಅಂತ ಅವನ ಪರ ವಕಾಲತ್ತು ಹಾಕಿದ. ದೊರೆಯ ಅನ್ನ ಒಂದು ಕಡೆ, ಕವಿಯ ಕರುಳು ಇನ್ನೊಂದು ಕಡೆ.

ರನ್ನನ ಕಾವ್ಯದಲ್ಲಿ ದುರ್ಯೋಧನ ಬಿದ್ದಾಗ ಕುರುಕುಲದ ಸೂರ್ಯನೂ ಆಕಾಶದ ಸೂರ್ಯನೂ ಒಟ್ಟಿಗೆ ಮುಳುಗುತ್ತಾರೆ. ನಮ್ಮ ಊರ ನಾಟಕದಲ್ಲಿ ಗದಾಯುದ್ಧದ ಸೀನು ಬರುವ ಹೊತ್ತಿಗೆ ಪೂರ್ವದಲ್ಲಿ ಬೆಳಕು ಹರಿದಿರುತ್ತದೆ. ದುರ್ಯೋಧನ ತೊಡೆ ಮುರಿದು ಬೀಳುತ್ತಾನೆ, ಸೂರ್ಯ ಮೇಲೆ ಬರುತ್ತಾನೆ, ಟ್ಯೂಬ್‌ಲೈಟ್ ಆರಿಸುತ್ತಾರೆ, ಹಾಲು ಕರೆಯುವ ಹೊತ್ತಾಯಿತು ಅಂತ ಜನ ಎದ್ದು ಮೈಮುರಿಯುತ್ತಾರೆ. ಹತ್ತು ನಿಮಿಷದಲ್ಲಿ ಬಿದ್ದವನೂ ಎದ್ದು, ಮುಖದ ಬಣ್ಣ ಹಾಗೇ ಇಟ್ಟುಕೊಂಡು ಟೀ ಅಂಗಡಿ ಮುಂದೆ ಬೀಡಿ ಸೇದುತ್ತಿರುತ್ತಾನೆ.

ಸಿನಿಮಾಕ್ಕೆ ಬಂದರೂ ಇದೇ ಕತೆ. ಕನ್ನಡದ ಮೊದಲ ಟಾಕಿ 1934ರ 'ಸತಿ ಸುಲೋಚನ'. ಸುಲೋಚನ ಯಾರು? ಇಂದ್ರಜಿತುವಿನ ಹೆಂಡತಿ, ರಾವಣನ ಸೊಸೆ. ಅಂದರೆ ನಮ್ಮ ಸಿನಿಮಾ ಮೊದಲ ಸಲ ಬಾಯಿ ಬಿಟ್ಟದ್ದೇ ಲಂಕೆಯ ಒಳಮನೆಯಿಂದ. ಆರ್. ನಾಗೇಂದ್ರರಾವ್ ರಾವಣ, ಸುಬ್ಬಯ್ಯ ನಾಯ್ಡು ಇಂದ್ರಜಿತು. ಇಬ್ಬರೂ ರಂಗಭೂಮಿಯ ಹುಲಿಗಳು. ಇದು ಕಾಕತಾಳೀಯ ಅಂತ ಬೇಕಾದರೆ ಅನ್ನಿ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಕಾಲದ ನಟರು ಗೆದ್ದದ್ದೇ ಇಂಥ ಪಾತ್ರಗಳಲ್ಲಿ.

ರಾಜ್‌ಕುಮಾರ್ ಅವರನ್ನೇ ತಗೊಳ್ಳಿ. 1954ರ 'ಬೇಡರ ಕಣ್ಣಪ್ಪ'ದಲ್ಲಿ ಭಕ್ತನಾಗಿ ಬಂದವರು 1958ರಲ್ಲಿ 'ಭೂಕೈಲಾಸ'ದ ರಾವಣ, ಮರುವರ್ಷ 'ಮಹಿಷಾಸುರ ಮರ್ದಿನಿ'ಯ ಮಹಿಷ. ಸಜ್ಜನಿಕೆಗೆ ಇನ್ನೊಂದು ಹೆಸರಾದ ನಟ ಮೀಸೆ ತಿರುವಿ ದೇವರಿಗೇ ಸವಾಲು ಹಾಕಿದರೆ ಜನಕ್ಕೆ ಎರಡು ಪಟ್ಟು ಖುಷಿ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರಂಗದ ಮೇಲೆ ಕಂಸ, ರಾವಣ, ಹಿರಣ್ಯಕಶಿಪು ಪಾತ್ರಗಳಿಗೇ ಹೆಸರಾದವರು. 1983ರ 'ಭಕ್ತ ಪ್ರಹ್ಲಾದ'ದಲ್ಲಿ ಆ ಹಿರಣ್ಯಕಶಿಪು ಮಗನ ಮೈಮೇಲೆ ಬಂದ. ಪ್ರಹ್ಲಾದನಾಗಿ ಮೊಮ್ಮಗ ಪುನೀತ್ ಎದುರು ನಿಂತ. ಆ ಚಿತ್ರದಲ್ಲಿ ನರಸಿಂಹ ಬರುವುದು ಕೊನೆಗೆ, ಒಂದಿಷ್ಟು ಹೊತ್ತು. ಎಲ್ಲಿದ್ದಾನೆ ನಿನ್ನ ಹರಿ ಅಂತ ಅಬ್ಬರಿಸುವ ಅಪ್ಪನನ್ನೇ ಜನ ಇವತ್ತಿಗೂ ಮೊಬೈಲಿನಲ್ಲಿ ಹುಡುಕಿ ನೋಡುತ್ತಾರೆ.

ಇದು ನಮ್ಮೊಬ್ಬರ ಹುಚ್ಚಲ್ಲ ಅಂತಲೂ ಹೇಳಿಬಿಡುತ್ತೇನೆ. ತೆಲುಗಿನಲ್ಲಿ ಎನ್‌ಟಿಆರ್ 1977ರಲ್ಲಿ ಒಂದೇ ಚಿತ್ರದಲ್ಲಿ ಕೃಷ್ಣ, ಕರ್ಣ, ದುರ್ಯೋಧನ ಮೂರೂ ಆದರು. ಜನರ ಬಾಯಲ್ಲಿ ಉಳಿದದ್ದು ದುರ್ಯೋಧನನ ಮಾತು. ಕೇರಳದ ಕಥಕಳಿಯಲ್ಲಿ ರಾವಣ, ದುರ್ಯೋಧನ, ಕೀಚಕರಿಗೆಂದೇ ಕತ್ತಿ ವೇಷ ಇದೆ.

ಕರಾವಳಿಯಲ್ಲಿ ಯಕ್ಷಗಾನದ ದೇವಿ ಮಹಾತ್ಮೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಹಿಷಾಸುರ ಚೌಕಿಯಿಂದ, ಅಂದರೆ ಬಣ್ಣದ ಮನೆಯಿಂದ, ಸೀದಾ ರಂಗಕ್ಕೆ ಬರುವುದಿಲ್ಲ. ದೂರದಿಂದ, ಪ್ರೇಕ್ಷಕರ ನಡುವಿನಿಂದ, ದೊಂದಿಯ ಬೆಂಕಿ ಉಗುಳಿಸುತ್ತಾ ಅಬ್ಬರ ಕೊಟ್ಟುಕೊಂಡು ಬರುತ್ತಾನೆ. ಮಲಗಿದ್ದ ಮಕ್ಕಳೆಲ್ಲ ಎದ್ದು ಕೂರುತ್ತಾರೆ. ಆಟ ಹರಕೆಯದು, ಹರಕೆ ದೇವಿಯದು. ಆದರೆ "ಮಹಿಷ ಬಂದಾಗ ಎಬ್ಬಿಸು" ಅಂತಲೇ ಹೇಳಿ ಮಲಗುವುದು. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕೂತು ಮಾತಾಡುವುದಷ್ಟೇ. ವಾಲಿ ಬಾಣ ತಿಂದು ಬಿದ್ದಲ್ಲಿಂದಲೇ ರಾಮನನ್ನು ಪ್ರಶ್ನೆ ಕೇಳುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣ ಕೇಳಿದವರು ರಾಮನಿಗೆ ಉತ್ತರ ಹೊಳೆಯುತ್ತದೋ ಇಲ್ಲವೋ ಅಂತ ಕಾಯುತ್ತಿದ್ದರಂತೆ. ('ಕಾಂತಾರ' ಬಂದ ಮೇಲೆ ಎಲ್ಲರೂ ದೈವಾರಾಧನೆಯನ್ನೂ ಪುರಾಣದ ಚೀಲಕ್ಕೆ ತುಂಬುತ್ತಿದ್ದಾರೆ. ಪಂಜುರ್ಲಿ, ಗುಳಿಗರ ಕತೆ ಬೇರೆ, ಲೆಕ್ಕ ಬೇರೆ. ಅದನ್ನು ಇಲ್ಲಿ ಬೆರೆಸುವುದಿಲ್ಲ.)

ಮೈಸೂರಿನ ಚಾಮುಂಡಿ ಬೆಟ್ಟದಲ್ಲೂ ಜನ ಸೆಲ್ಫಿ ತೆಗೆಯುವುದು ಮಹಿಷಾಸುರನ ಜೊತೆ. ಒಂದು ಕೈಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದು ನಿಂತ ಬಣ್ಣಬಣ್ಣದ ಪ್ರತಿಮೆ. ಅವನು ರಾಕ್ಷಸನಲ್ಲ, ಈ ನೆಲದ ದೊರೆ ಅನ್ನುವವರು ಮಹಿಷ ದಸರಾ ಆಚರಿಸುತ್ತಾರೆ. ಅದಕ್ಕೆ ಜಗಳವೂ ಆಗುತ್ತದೆ, ನಿಷೇಧಾಜ್ಞೆಯೂ ಬೀಳುತ್ತದೆ. ಖಳನ ಪರ ಮಾತಾಡುವುದು ಕಾವ್ಯದಲ್ಲಿ ನಡೆಯುತ್ತದೆ, ನಾಟಕದಲ್ಲಿ ನಡೆಯುತ್ತದೆ. ಬೀದಿಗೆ ಬಂದರೆ ಪೊಲೀಸರು ಬರುತ್ತಾರೆ.

ಒಂದು ತಮಾಷೆ ಗಮನಿಸಿದ್ದೀರಾ? ಕಾರು, ಬೈಕುಗಳ ಹಿಂದೆ ಅಂಟಿಸುವ ಆ ಕೇಸರಿ-ಕಪ್ಪು ಹನುಮಂತ. ಅದನ್ನು ಬರೆದದ್ದು ಕಾಸರಗೋಡಿನ ಕಡೆಯ ಕಲಾವಿದ ಕರಣ್ ಆಚಾರ್ಯ, 2015ರಲ್ಲಿ, ಊರಿನ ಹುಡುಗರ ಬಾವುಟಕ್ಕೆ ಅಂತ. ದೇಶವೆಲ್ಲ ಹರಡಿತು. ಅದರಲ್ಲಿರುವುದು ಸಿಟ್ಟಲ್ಲ, ಆಟಿಟ್ಯೂಡ್ ಅನ್ನುವುದು ಅವರ ಮಾತು. ಇರಬಹುದು. ಆದರೆ ಕೈಮುಗಿದು ಮೊಣಕಾಲೂರಿದ ಹನುಮಂತನ ಪಟ ನಮ್ಮ ಅಜ್ಜಿಯರ ದೇವರಕೋಣೆಯಲ್ಲೇ ಉಳಿಯಿತು, ರಸ್ತೆಗೆ ಬಂದವನು ಹುಬ್ಬು ಗಂಟಿಕ್ಕಿದವನು. ದಾಸನಿಗೂ ಖಳನ ಹುಬ್ಬು ಬರೆದ ಮೇಲೇ ಹುಡುಗರು ಗಾಡಿಗೆ ಅಂಟಿಸಿಕೊಂಡದ್ದು.

ಇಲ್ಲಿಯವರೆಗೆ ಖುಷಿಯಿಂದಲೇ ಬರೆದೆ. ಇನ್ನು ನನಗೆ ಕಿರಿಕಿರಿ ಆಗುವ ಭಾಗ.

ವಾಟ್ಸಾಪಿನಲ್ಲಿ ಒಂದು ಫಾರ್ವರ್ಡ್ ವರ್ಷಗಳಿಂದ ತಿರುಗುತ್ತಿದೆ. ಎಂಥ ಅಣ್ಣ ಬೇಕು ಅಂತ ತಾಯಿ ಕೇಳಿದರೆ ಮಗಳು ರಾವಣನಂಥ ಅಣ್ಣ ಅನ್ನುತ್ತಾಳೆ. ತಂಗಿಗೆ ಅವಮಾನ ಆಯಿತು ಅಂತ ಸಾಮ್ರಾಜ್ಯವನ್ನೇ ಪಣಕ್ಕಿಟ್ಟ, ಸೀತೆಯನ್ನು ಹೊತ್ತು ತಂದರೂ ಮುಟ್ಟಲಿಲ್ಲ ಅಂತ ಕಾರಣ. ಓದಿದಾಗೆಲ್ಲ ಮೈ ಉರಿಯುತ್ತದೆ. ಒಬ್ಬಳನ್ನು ಎತ್ತಿಕೊಂಡು ಹೋಗಿ ತಿಂಗಳುಗಟ್ಟಲೆ ಕೂಡಿಹಾಕಿ, ಒಪ್ಪದಿದ್ದರೆ ಕೊಲ್ಲುತ್ತೇನೆ ಅಂದವನಿಗೆ 'ಮುಟ್ಟಲಿಲ್ಲ' ಅಂತ ಸರ್ಟಿಫಿಕೇಟು ಬೇರೆ! ಅದೂ ಸಂಯಮ ಅಲ್ಲ. ಉತ್ತರಕಾಂಡ ತೆಗೆದು ನೋಡಿ. ರಂಭೆಯ ಮೇಲೆ ಕೈಮಾಡಿದ್ದಕ್ಕೆ ನಳಕೂಬರ ಕೊಟ್ಟ ಶಾಪ ಅಲ್ಲಿದೆ. ಒಲ್ಲದ ಹೆಣ್ಣನ್ನು ಮುಟ್ಟಿದರೆ ತಲೆ ಸಿಡಿದು ಚೂರಾಗುತ್ತದೆ ಅಂತ. ತಲೆಯ ಭಯಕ್ಕೆ ಸುಮ್ಮನಿದ್ದವನನ್ನು ನಾವು ಮಾದರಿ ಅಣ್ಣ ಮಾಡಿಕೊಂಡಿದ್ದೇವೆ.

ಪಂಪ, ರನ್ನರು ಖಳನನ್ನು ಪ್ರೀತಿಸಿದ್ದು ಬೇರೆ ಥರ. ಅವನ ತಪ್ಪನ್ನು ಅವರು ಅಳಿಸಲಿಲ್ಲ. ರನ್ನನ ದುರ್ಯೋಧನ ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ ಅಂತ ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಾನೆ. ತನ್ನ ಹಟದ ಬೆಲೆ ಅವನ ಕಾಲಿಗೇ ಎಡವುತ್ತದೆ. ಈಗಿನ ರೀಲ್ಸ್‌ಗಳಲ್ಲಿ ಹೆಣಗಳಿಲ್ಲ. ಹಿನ್ನೆಲೆ ಸಂಗೀತ, ಸ್ಲೋ ಮೋಷನ್, ಮೀಸೆ. 2019ರ 'ಕುರುಕ್ಷೇತ್ರ' ಸಿನಿಮಾ ರನ್ನನ ಗದಾಯುದ್ಧವನ್ನು ಆಧರಿಸಿದ್ದು ಅಂತ ಹೇಳಿಕೊಂಡೇ ಬಂತು, ದುರ್ಯೋಧನನೇ ನಾಯಕ. ಕಲಿಯುಗ ಕರ್ಣ ಅಂತ ಜನ ಕರೆಯುತ್ತಿದ್ದ ಅಂಬರೀಶ್ ಅದರಲ್ಲಿ ಭೀಷ್ಮ, ತೀರಿಕೊಂಡ ಮೇಲೆ ತೆರೆಗೆ ಬಂದ ಪಾತ್ರ. ಅದ್ದೂರಿತನಕ್ಕೆ ಕೊರತೆ ಇರಲಿಲ್ಲ. ಆದರೆ ಸ್ಟಾರ್ ಬಂದು ಆ ಸಿಂಹಾಸನದಲ್ಲಿ ಕೂತರೆ ಅವನು ಎಡವುವುದನ್ನು ಅಭಿಮಾನಿ ಒಪ್ಪುವುದಿಲ್ಲ. ಎಡವದ ದುರ್ಯೋಧನನಲ್ಲಿ ನನಗೆ ಆಸಕ್ತಿ ಇಲ್ಲ.

ಊರ ನಾಟಕಕ್ಕೂ ಈ ಕಾಯಿಲೆ ಇದೆ. ದ್ರೌಪದಿ ಅಲ್ಲಿ ಊರಿನವಳಲ್ಲ. ಬೇರೆ ಊರಿಂದ ಬಸ್ಸಿನಲ್ಲಿ ಬರುವ ವೃತ್ತಿ ಕಲಾವಿದೆ. ನಿನ್ನೆ ಇನ್ನೊಂದು ಹಳ್ಳಿಯಲ್ಲಿ ಸೀರೆ ಎಳೆಸಿಕೊಂಡು ಬಂದಿರುತ್ತಾಳೆ, ನಾಳೆ ಮತ್ತೊಂದು ಕಡೆ ಹೋಗಬೇಕು. ಎಲ್ಲರ ಮಾತೂ ಅವಳಿಗೆ ಬಾಯಿಪಾಠ. ಮರೆತು ನಿಂತ ದುಶ್ಶಾಸನನಿಗೆ ಅವನು ಹೇಳಬೇಕಾದ ಬೈಗುಳವನ್ನು ಅವಳೇ ಮೆಲ್ಲಗೆ ಹೇಳಿಕೊಟ್ಟದ್ದನ್ನು ನಾನು ಸೈಡ್‌ವಿಂಗಿನಲ್ಲಿ ನಿಂತು ಕೇಳಿದ್ದೇನೆ. ದುಡ್ಡು ಕೊಟ್ಟು ಪಾರ್ಟು ಕೊಂಡವರ ನಡುವೆ ದುಡ್ಡು ಪಡೆದು ಆಡುವವಳು ಅವಳು. ಫ್ಲೆಕ್ಸಿನಲ್ಲಿ ಅವಳ ಫೋಟೋ ಮೂಲೆಯಲ್ಲಿ, ಚಿಕ್ಕದಾಗಿ. ಇಡೀ ರಾತ್ರಿಯಲ್ಲಿ ಕಸುಬು ಬಲ್ಲವರು ಅಂದರೆ ಮೇಷ್ಟ್ರು ಮತ್ತು ಅವಳು.

ನೆಲದ ಜಗಳ ಅಂದೆನಲ್ಲ, ಆ ಜಗಳದಲ್ಲಿ ಹೆಣ್ಣುಮಕ್ಕಳ ಪಾಲು ಯಾರೂ ಕೇಳುವುದಿಲ್ಲ. ನೂರು ಜನ ಅಣ್ಣಂದಿರಿಗೆ ಒಬ್ಬಳೇ ತಂಗಿ ದುಶ್ಶಲೆ. ಜಯದ್ರಥನಿಗೆ ಕೊಟ್ಟು ಮದುವೆ ಮಾಡಿದರು, ಮುಗಿಯಿತು. ಯುದ್ಧದಲ್ಲಿ ಗಂಡ ಹೋದ, ಅಣ್ಣಂದಿರು ಹೋದರು. ಆಮೇಲೆ ಅಶ್ವಮೇಧದ ಕುದುರೆಯ ಹಿಂದೆ ಅರ್ಜುನ ಸಿಂಧು ದೇಶಕ್ಕೆ ಬಂದ ಅಂತ ಕೇಳಿಯೇ ಮಗನೂ ಸತ್ತ. ಆಗ ಅವಳು ಮೊಮ್ಮಗನನ್ನು ಎತ್ತಿಕೊಂಡು ರಣರಂಗಕ್ಕೆ ಬಂದು, ಸಾಕು ನಿಲ್ಲಿಸು ಅನ್ನುತ್ತಾಳೆ. ಅವಳ ದನಿ ಕೇಳುವುದು ಅಲ್ಲಿ. ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕಾನೂನು ಬಂದದ್ದು 1994ರಲ್ಲಿ, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಈಗಲೂ ಹಳ್ಳಿಯಲ್ಲಿ ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ, ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು, ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಸಹಿ ಹಾಕಲ್ಲ ಅಂದವಳು ಊರಿಗೇ ಖಳನಾಯಕಿ. ಸೂಜಿಮೊನೆಯಷ್ಟೂ ಬಿಡೆನು ಅಂದ ದುರ್ಯೋಧನನಿಗೆ ಶಿಳ್ಳೆ ಹೊಡೆದವರೇ ಅವಳಿಗೆ ಮನೆ ಮುರಿದವಳು ಅನ್ನುತ್ತಾರೆ.

ಹೆಂಗಸರು ಗದೆ ಹಿಡಿದದ್ದು ಹೊಸದೇನಲ್ಲ. ಆರ್. ನಾಗರತ್ನಮ್ಮನವರು 1958ರಲ್ಲೇ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಹೆಂಗಸರೇ ಎಲ್ಲ ಪಾತ್ರ ಮಾಡುವ ತಂಡ. ಮೀಸೆ ಹೊತ್ತ ಗಂಡು ಪಾತ್ರಗಳಲ್ಲೇ ಅವರು ಹೆಸರಾದರು. 2012ರಲ್ಲಿ ಪದ್ಮಶ್ರೀ ಬಂತು. ಈಗೀಗ ನಮ್ಮ ಕಡೆಯೂ ಅಲ್ಲಲ್ಲಿ ಮಹಿಳೆಯರ ಕುರುಕ್ಷೇತ್ರ ನಡೆಯುತ್ತಿದೆ.

ಮೊನ್ನೆ ಊರಿಗೆ ಹೋಗಿದ್ದಾಗ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಸುಮ್ನೆ ಈ ಮಾತು ತೆಗೆದೆ. ಸಾಲದ ಕಂತಿನ ಲೆಕ್ಕ ಮುಗಿದಿತ್ತು. ದುರ್ಯೋಧನನ ಪಾರ್ಟಿಗೆ ಅಲ್ಲೇ ಇಬ್ಬರು ಕೈ ಎತ್ತಿದರು. ಶಕುನಿಗೆ ಯಾರು ಅಂತ ಎಲ್ಲರೂ ಒಬ್ಬರ ಕಡೆಯೇ ನೋಡಿ ನಕ್ಕರು. ಮೂಲೆಯಲ್ಲಿ ಕೂತಿದ್ದ, ಅಣ್ಣನ ಮೇಲೆ ದಾವೆ ಹೂಡಿರುವ ಒಬ್ಬಾಕೆ ಕೇಳಿದಳು: "ಅಕ್ಕಾ, ಆ ತಂಗಿ ಪಾರ್ಟು ಇದ್ಯಾ ನಾಟಕದಲ್ಲಿ?" ಇಲ್ಲ ಅಂದೆ. "ಹಂಗಾರೆ ಬರೆಸಿ. ದುಡ್ಡು ನಾನ್ ಹಾಕ್ತೀನಿ" ಅಂದಳು. ಮೇಷ್ಟ್ರಿಗೆ ಫೋನ್ ಮಾಡಿದೆವು. ಮೊದಲು ಆಗಲ್ಲ ಅಂದರು, ಆಮೇಲೆ ಎಷ್ಟು ಹಾಕ್ತಾರಂತೆ ಅಂತ ವಿಚಾರಿಸಿದರು, ಕೊನೆಗೆ ಒಪ್ಪಿದರು. ಸದ್ಯಕ್ಕೆ ಒಂದು ಹಾಡು, ನಾಲ್ಕು ಮಾತು. ಮುಖಾರಿಯಲ್ಲಿ ಹಾಕ್ತೀನಿ ಅಂದರು. ಅಳುವ ರಾಗ ಬೇಡ, ಬೇರೆ ಹಾಕಿ ಅಂತ ಅವಳು ಇನ್ನೂ ಜಗಳ ಆಡುತ್ತಿದ್ದಾಳೆ.